ಮಡಿಲಿಗೆ ಬರುವ ಮುಳ್ಳುಬಾಲ

2006ರ ಸೆಪ್ಟೆಂಬರ್ 4ರಂದು ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡ್ ಕರಾವಳಿಯಾಚೆಯ ಬ್ಯಾಟ್ ರೀಫ್‌ನಲ್ಲಿ ಸ್ಟೀವ್ ಇರ್ವಿನ್ ತೀರಿಕೊಂಡರು. ಮೊಸಳೆಗಳ ಜೊತೆ ಗುದ್ದಾಡುತ್ತ ಟಿ.ವಿ. ಪರದೆಯ ಮೇಲೆ ನಗುತ್ತಿದ್ದ ಆ ಮನುಷ್ಯನ ಜೀವ ತೆಗೆದದ್ದು ಮೊಸಳೆಯಲ್ಲ, ಹಾವೂ ಅಲ್ಲ. ಚಪ್ಪಟೆ ಮೀನೊಂದರ ಬಾಲದ ಮುಳ್ಳು ಎದೆಗೆ ನಾಟಿತ್ತು. ಕಡಲನ್ನೇ ನೋಡದ ಎಷ್ಟೋ ಮಂದಿಗೆ ‘ಸ್ಟಿಂಗ್‌ರೇ’ ಎಂಬ ಹೆಸರು ಪರಿಚಯವಾದದ್ದು ಆ ಸುದ್ದಿಯಿಂದಲೇ.

ಅದೇ ಹೆಸರಿನ ಇನ್ನೊಂದು ಚಿತ್ರವೂ ಉಂಟು. ಅಮೆರಿಕದಲ್ಲಿರುವ ನೆಂಟರು ಫ್ಲಾರಿಡಾದಿಂದ ಹಡಗು ಹತ್ತಿ ಕೆರಿಬಿಯನ್ ಪ್ರವಾಸ ಮಾಡಿ ಬಂದರೆಂದರೆ ವಾಟ್ಸಾಪಿನಲ್ಲಿ ಅದು ಬಂದೇ ಬರುತ್ತದೆ: ಸೊಂಟದುದ್ದ ತಿಳಿನೀರು, ಕೇಕೆ ಹಾಕುತ್ತಿರುವ ಮಕ್ಕಳು, ಯಾರದೋ ತೋಳುಗಳ ಮೇಲೆ ಅಗಲವಾಗಿ ಹರಡಿಕೊಂಡ ಬೂದು ಬಣ್ಣದ ಒಂದು ದೊಡ್ಡ ಸ್ಟಿಂಗ್‌ರೇ. ಅದಕ್ಕೆ ಮುತ್ತಿಟ್ಟರೆ ಏಳು ವರ್ಷ ಅದೃಷ್ಟ ಎಂದು ದೋಣಿಯ ಗೈಡ್ ಹೇಳುತ್ತಾನೆ, ಜನ ಮುತ್ತಿಡುತ್ತಾರೆ.

ಇರ್ವಿನ್ ಅವರನ್ನು ಕೊಂದ ಜಾತಿ ಬೇರೆ, ಕೆರಿಬಿಯನ್ ಪ್ರವಾಸಿಗರು ಮುದ್ದಿಸುವ ಜಾತಿ ಬೇರೆ. ಬಾಲದಲ್ಲಿರುವ ಆಯುಧ ಮಾತ್ರ ಒಂದೇ ಬಗೆಯದು. ನಮ್ಮ ಕರಾವಳಿಯವರಿಗೆ ಈ ಬಳಗವೆಲ್ಲ ‘ತೊರಕೆ’. ಬಲೆಯಲ್ಲಿ ತೊರಕೆ ಬಿದ್ದರೆ ಮೊದಲು ಬಾಲ ಎಲ್ಲಿದೆ ಎಂದು ನೋಡಿಕೊಂಡೇ ಅದಕ್ಕೆ ಕೈ ಹಾಕಬೇಕು. ಅಂಥ ಪ್ರಾಣಿ ಕೆರಿಬಿಯನ್ನಿನ ಗ್ರ್ಯಾಂಡ್ ಕೇಮನ್ ದ್ವೀಪದಲ್ಲಿ ತಾನಾಗಿ ಮನುಷ್ಯರ ಮೈಮೇಲೆ ಏರಿ ಬರುವುದೇಕೆ? ಅಲ್ಲಿನ ತೊರಕೆಗಳ ಮುಳ್ಳನ್ನು ಯಾರೂ ಕಿತ್ತಿಲ್ಲ. ಅವು ಸಾಕಿದವೂ ಅಲ್ಲ. ಸುತ್ತ ಬೇಲಿಯಿಲ್ಲ, ಬೇಕೆಂದಾಗ ತೆರೆದ ಕಡಲಿಗೆ ಹೊರಟುಹೋಗಬಹುದು. ಹೋಗುವುದಿಲ್ಲ.

ಸೊಳ್ಳೆಗೆ ಹೆದರಿದ ಮೀನುಗಾರರು

ಕ್ಯೂಬಾದ ದಕ್ಷಿಣಕ್ಕಿರುವ ಕೇಮನ್ ದ್ವೀಪಗಳು ಬ್ರಿಟನ್ನಿನ ಆಡಳಿತಕ್ಕೆ ಸೇರಿದವು. ಈಗ ಅವುಗಳ ಹೆಸರು ಕೇಳಿದರೆ ಬ್ಯಾಂಕು, ಕಂಪನಿ, ತೆರಿಗೆಯ ಮಾತು ನೆನಪಾಗುತ್ತದೆ. ಅರುವತ್ತು ವರ್ಷಗಳ ಹಿಂದೆ ನೆನಪಾಗುತ್ತಿದ್ದುದು ಸೊಳ್ಳೆ. ಮುಸ್ಸಂಜೆಯಲ್ಲಿ ದನಗಳು ಮೂಗಿಗೆ ಸೊಳ್ಳೆ ತುಂಬಿ ಉಸಿರುಗಟ್ಟಿ ಸಾಯುತ್ತಿದ್ದವೆಂದು ಅಲ್ಲಿನ ಹಿರಿಯರು ಹೇಳುವುದುಂಟು. ಕಾಟ ಎಷ್ಟಿತ್ತೆಂದರೆ, 1965ರಲ್ಲಿ ಅಲ್ಲಿನ ಸರ್ಕಾರ ಸೊಳ್ಳೆಗಳ ಸಂಶೋಧನೆ ಮತ್ತು ನಿಯಂತ್ರಣಕ್ಕೆಂದೇ ಒಂದು ಸಂಸ್ಥೆ ಕಟ್ಟಿತು.

ಮೀನುಗಾರರಿಗೆ ಈ ಕಾಟದಿಂದ ಒಂದು ರೂಢಿ ಹುಟ್ಟಿಕೊಂಡಿತು. ಹಿಡಿದ ಮೀನನ್ನೂ ಶಂಖದ ಹುಳುವನ್ನೂ ದಡಕ್ಕೆ ತಂದು ಕೊಯ್ಯುತ್ತ ಕೂತರೆ ಸೊಳ್ಳೆ ಬಿಡುವುದಿಲ್ಲ. ಹಾಗಾಗಿ ಗ್ರ್ಯಾಂಡ್ ಕೇಮನ್ ದ್ವೀಪದ ಉತ್ತರಕ್ಕಿರುವ ನಾರ್ತ್ ಸೌಂಡ್ ಎಂಬ ವಿಶಾಲ ಲಗೂನಿನ ಬಾಯಲ್ಲೇ, ಹವಳದ ದಂಡೆಯ ಒಳಮಗ್ಗುಲಿಗೆ ದೋಣಿ ನಿಲ್ಲಿಸಿ ಅಲ್ಲೇ ಮೀನು ಸ್ವಚ್ಛ ಮಾಡುತ್ತಿದ್ದರು. ಕರುಳು, ತಲೆ, ಚರ್ಮ ಎಲ್ಲ ನೀರಿಗೆ ಬೀಳುತ್ತಿತ್ತು. ಗಾಳಿ ಬೀಸುವ ಜಾಗ, ಸೊಳ್ಳೆ ಕಡಿಮೆ. ಅಲೆಯಿಲ್ಲದ ನೀರು, ಕೆಲಸ ಸಲೀಸು. ಕೆಳಗೆ ಮರಳಿನಲ್ಲಿ ತೊರಕೆಗಳು ಸೇರತೊಡಗಿದವು. ಎಷ್ಟು ದಶಕ ಹೀಗೆ ನಡೆಯಿತೆಂದು ಯಾರೂ ಬರೆದಿಟ್ಟಿಲ್ಲ.

1980ರ ದಶಕದ ನಡುವೆ ಮುಳುಗುಗಾರರು ಆ ಗುಂಪಿನ ನಡುವೆ ಇಳಿದು ಕೈಯಿಂದಲೇ ತಿನ್ನಿಸಿ ನೋಡಿದರು. ಮುಳುಗುಗಾರಿಕೆಯ ಅಮೆರಿಕನ್ ಪತ್ರಿಕೆಗಳಲ್ಲಿ ಚಿತ್ರಗಳು ಬಂದವು. ನಾಲ್ಕು ಮೀಟರಿನಷ್ಟು ಆಳದ ಆ ಜಾಗಕ್ಕೆ ‘ಸ್ಟಿಂಗ್‌ರೇ ಸಿಟಿ’ ಎಂಬ ಹೆಸರು ಬಿತ್ತು. ಅದಕ್ಕೆ ಹತ್ತಿರದಲ್ಲಿ, ಈಜು ಬಾರದವರೂ ನಿಲ್ಲಬಹುದಾದ ಸೊಂಟದಾಳದ ಮರಳದಿಬ್ಬವೊಂದಿದೆ. ದೊಡ್ಡ ಜಾತ್ರೆ ನೆರೆದದ್ದು ಅಲ್ಲಿ. 2019ರಲ್ಲಿ ಹಡಗುಗಳಿಂದ ಗ್ರ್ಯಾಂಡ್ ಕೇಮನ್‌ಗೆ ಇಳಿದವರು 18 ಲಕ್ಷಕ್ಕೂ ಹೆಚ್ಚು. ಇಡೀ ಕೇಮನ್ ದ್ವೀಪಗಳ ಜನಸಂಖ್ಯೆ ಒಂದು ಲಕ್ಷವೂ ಇಲ್ಲ.

ಹವಳವಿಲ್ಲದೆ ದಿಬ್ಬವಿಲ್ಲ

ದೋಣಿಯ ಪ್ರವಾಸದಲ್ಲಿ ಸಾಮಾನ್ಯವಾಗಿ ಎರಡು ನಿಲುಗಡೆ. ಒಂದು ತೊರಕೆಗಳ ದಿಬ್ಬ; ಇನ್ನೊಂದು ಅಲ್ಲೇ ಸ್ವಲ್ಪ ದೂರದ ಹವಳದ ದಂಡೆ. ಅಲ್ಲಿ ಮುಖಕ್ಕೆ ಮಾಸ್ಕ್, ಬಾಯಿಗೆ ಸ್ನಾರ್ಕೆಲ್ ಕೊಳವೆ ಕಚ್ಚಿಕೊಂಡು ನೀರಿನ ಮೇಲೆ ಬೋರಲು ತೇಲುವುದು. ಮುರುಡೇಶ್ವರದಿಂದ ನೇತ್ರಾಣಿಗೆ ಹೋಗಿ ಸ್ನಾರ್ಕೆಲ್ ಮಾಡಿದವರಿಗೆ ಈ ಕ್ರಮ ಗೊತ್ತು. ತೊರಕೆ ಮುಟ್ಟಿ ಬಂದವರಲ್ಲಿ ಅನೇಕರು ಎರಡನೆಯ ನಿಲುಗಡೆಯನ್ನು ಕೊಸರಾಗಿ ಎಣಿಸುತ್ತಾರೆ. ಇದು ಅನ್ಯಾಯ. ಮೊದಲನೆಯದು ಇರುವುದೇ ಎರಡನೆಯದರಿಂದ.

ಕೇಮನ್ ದ್ವೀಪಗಳು ಕಡಲಡಿಯ ಪರ್ವತಸಾಲೊಂದರ ತುದಿಗಳು. ಪಕ್ಕದ ಕೇಮನ್ ಕಂದರ ಏಳೂವರೆ ಕಿಲೋಮೀಟರಿಗೂ ಹೆಚ್ಚು ಆಳ. ಹವಳದ ದಂಡೆಯ ಹೊರಗೆ ಸ್ವಲ್ಪ ದೂರ ಹೋದರೆ ನೆಲ ಕಡಿದಾಗಿ ಇಳಿದುಬಿಡುತ್ತದೆ. ಆ ಆಳದ ಮೇಲಿಂದ ಬರುವ ಅಲೆಗಳೆಲ್ಲ ದಂಡೆಗೆ ಬಡಿದು ಒಡೆಯುತ್ತವೆ, ಒಳಗಿನ ಲಗೂನು ಶಾಂತವಾಗಿರುತ್ತದೆ. ದ್ವೀಪದಲ್ಲಿ ಒಂದೂ ಹೊಳೆಯಿಲ್ಲ. ಕೆಸರು ತಂದು ಸುರಿಯುವವರಿಲ್ಲದ್ದರಿಂದ ನೀರು ತಿಳಿ. ಭರತ ಇಳಿತಗಳ ನಡುವಿನ ಅಂತರ ಅರ್ಧ ಮೀಟರಿನ ಸುತ್ತಮುತ್ತ. ಬೆಳಿಗ್ಗೆ ಸೊಂಟದವರೆಗಿದ್ದ ನೀರು ಮಧ್ಯಾಹ್ನ ತಲೆ ಮುಳುಗಿಸುವುದಿಲ್ಲ.

ಕಾಲ ಕೆಳಗಿನ ಬಿಳಿ ಮರಳೂ ಅಲ್ಲಿಯದೇ ಉತ್ಪನ್ನ. ಕಲ್ಲು ಸವೆದು ಹೊಳೆಯಲ್ಲಿ ಹರಿದು ಬಂದ ಮರಳು ಅದಲ್ಲ. ಒಡೆದ ಹವಳ, ಚಿಪ್ಪಿನ ಚೂರು, ಸುಣ್ಣ ಕಟ್ಟಿಕೊಂಡು ಬೆಳೆಯುವ ಹ್ಯಾಲಿಮಿಡ ಎಂಬ ಪಾಚಿಯ ಬಿಲ್ಲೆಗಳು, ಇವುಗಳ ಜೊತೆಗೆ ಗಿಳಿಮೀನಿನ ಹಿಕ್ಕೆ. ಗಿಳಿಮೀನು ಪಾಚಿಗಾಗಿ ಹವಳದ ಕಲ್ಲನ್ನೇ ಕಚ್ಚಿ, ಗಂಟಲಿನ ಹಲ್ಲುಗಳಲ್ಲಿ ಅರೆದು, ತಿನ್ನಲಾಗದ ಸುಣ್ಣವನ್ನು ಹಿಂದಿನಿಂದ ಬಿಡುತ್ತದೆ. ದೊಡ್ಡ ಜಾತಿಯ ಗಿಳಿಮೀನೊಂದು ವರ್ಷಕ್ಕೆ ನೂರಾರು ಕಿಲೋ ಮರಳು ತಯಾರಿಸಬಲ್ಲದು. ಸ್ನಾರ್ಕೆಲ್ ಮಾಡುವಾಗ ನೀರಿನೊಳಗೆ ಕರಕರ ಎಂದು ಕೇಳುವ ಸದ್ದಿನಲ್ಲಿ ಈ ಕೆಲಸದ ಪಾಲೂ ಇದೆ.

ಆ ದಂಡೆಗೀಗ ಒಳ್ಳೆಯ ಕಾಲವಲ್ಲ. 2014ರಲ್ಲಿ ಫ್ಲಾರಿಡಾದಲ್ಲಿ ಮೊದಲು ಕಂಡ, ಗಟ್ಟಿ ಹವಳದ ಮಾಂಸವನ್ನೇ ಕರಗಿಸುವ ರೋಗ 2020ರಲ್ಲಿ ಗ್ರ್ಯಾಂಡ್ ಕೇಮನ್ನಿನ ಉತ್ತರ ತೀರಕ್ಕೆ ತಲುಪಿತು. 2023ರ ಬೇಸಿಗೆಯಲ್ಲಿ ಕೆರಿಬಿಯನ್ ನೀರು ಕಾದು ಹವಳಗಳು ಬಿಳಿಚಿಕೊಂಡವು. ದಂಡೆ ಸತ್ತ ಮರುದಿನವೇ ದಿಬ್ಬ ಕರಗುವುದಿಲ್ಲ. ಕಟ್ಟುವ ಕೆಲಸ ನಿಂತು ಸವೆಯುವ ಕೆಲಸ ಮಾತ್ರ ಉಳಿಯುತ್ತದೆ.

ಕಣ್ಣು ಮೇಲೆ, ಬಾಯಿ ಕೆಳಗೆ

ದಿಬ್ಬದ ಮೇಲೆ ಬರುವುದು ದಕ್ಷಿಣದ ತೊರಕೆ, ಸದರ್ನ್ ಸ್ಟಿಂಗ್‌ರೇ. ಹೆಣ್ಣು ಒಂದೂವರೆ ಮೀಟರ್ ಅಗಲದವರೆಗೂ ಬೆಳೆಯಬಲ್ಲದು, ಗಂಡು ಅದರ ಅರ್ಧದಷ್ಟು. ದಿಬ್ಬಕ್ಕೆ ಬರುವವುಗಳಲ್ಲಿ ಹೆಣ್ಣುಗಳೇ ಜಾಸ್ತಿ. ಮರಿ ಹಾಕುವ ಮೀನು ಇದು; ಮೈಯಲ್ಲಿ ಎಲುಬಿಲ್ಲ, ಮೃದ್ವಸ್ಥಿ. ಶಾರ್ಕಿನ ಹತ್ತಿರದ ಸಂಬಂಧಿ.

ಇದರ ದೇಹದಲ್ಲಿ ಒಂದು ವಿಚಿತ್ರವಿದೆ. ಕಣ್ಣುಗಳು ಬೆನ್ನಿನ ಮೇಲೆ, ಬಾಯಿ ಹೊಟ್ಟೆಯ ಕಡೆ. ತಾನು ತಿನ್ನುತ್ತಿರುವುದನ್ನು ತೊರಕೆ ನೋಡಲಾರದು. ಮರಳಿನಲ್ಲಿ ಹೂತು ಮಲಗಿದಾಗ ಬಾಯಿಂದ ನೀರೆಳೆದರೆ ಮರಳೂ ಬರುತ್ತದಾದ್ದರಿಂದ ಕಣ್ಣಿನ ಹಿಂದೆಯೇ ಎರಡು ಉಸಿರುಕಿಂಡಿಗಳಿವೆ. ಆ ಎರಡು ಕಣ್ಣು, ಎರಡು ಕಿಂಡಿ ಬಿಟ್ಟರೆ ಉಳಿದದ್ದೆಲ್ಲ ಮರಳಡಿ ಮಾಯ.

ಹಾಗಾದರೆ ಊಟ ಸಿಗುವುದು ಹೇಗೆ? ವಾಸನೆ ಒಂದು ದಾರಿ. ಇನ್ನೊಂದು, ನಮಗಿಲ್ಲದ ಇಂದ್ರಿಯ. ಶಾರ್ಕು, ತೊರಕೆಗಳ ಮೂತಿಯ ಸುತ್ತ ಚರ್ಮದಲ್ಲಿ ಸಣ್ಣ ರಂಧ್ರಗಳಿವೆ, ಒಳಗೆ ಲೋಳೆ ತುಂಬಿದ ಕೊಳವೆಗಳು. ಇಟಲಿಯ ಸ್ಟೆಫಾನೊ ಲೊರೆಂಜಿನಿ 1678ರಲ್ಲೇ ಇವನ್ನು ವಿವರಿಸಿದ್ದ, ಏತಕ್ಕೆಂದು ತಿಳಿಯಲು ಸುಮಾರು ಮುನ್ನೂರು ವರ್ಷ ಬೇಕಾಯಿತು. ಇವನ್ನು ವಿದ್ಯುತ್‌ಕಿಂಡಿಗಳೆನ್ನೋಣ. ಉಸಿರಾಡುವ, ಎದೆ ಬಡಿಯುವ ಪ್ರತಿಯೊಂದು ಜೀವಿಯ ಸುತ್ತಲೂ ಉಪ್ಪುನೀರಿನಲ್ಲಿ ಅತಿ ಕ್ಷೀಣ ವಿದ್ಯುತ್ ಹರಡಿರುತ್ತದೆ. ಕಿಂಡಿಗಳು ಅದನ್ನು ಹಿಡಿಯುತ್ತವೆ.

ಡಚ್ ಮೂಲದ ಆಡ್ರಿಯಾನಸ್ ಕಾಲ್ಮೈನ್ 1971ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನು ಚೆನ್ನಾಗಿ ತೋರಿಸಿತು. ಜೀವಂತ ಚಪ್ಪಟೆ ಮೀನೊಂದನ್ನು ಅಗರ್ ಎಂಬ ಜೆಲ್ಲಿಯ ಗೂಡಿನೊಳಗಿಟ್ಟು ಮರಳಿನಲ್ಲಿ ಹೂತರು. ಅಗರ್ ವಾಸನೆಯನ್ನು ತಡೆಯುತ್ತದೆ, ವಿದ್ಯುತ್ತನ್ನು ಬಿಡುತ್ತದೆ. ಶಾರ್ಕು ಮತ್ತು ತೊರಕೆಯ ಬಳಗದ ಮೀನುಗಳು ನೇರ ಆ ಜಾಗಕ್ಕೇ ಬಂದು ಅಗೆದವು. ಮೇಲೆ ತೆಳ್ಳನೆಯ ಪ್ಲಾಸ್ಟಿಕ್ ಹಾಳೆ ಹೊದಿಸಿ ವಿದ್ಯುತ್ತನ್ನೂ ತಡೆದಾಗ ದಿಕ್ಕೆಟ್ಟವು. ಮೀನೇ ಇಲ್ಲದೆ ಬರೀ ಎರಡು ವಿದ್ಯುದ್ವಾರಗಳನ್ನು ಹೂತು ಅಷ್ಟೇ ಕ್ಷೀಣ ವಿದ್ಯುತ್ ಹರಿಸಿದರೂ ಸಾಕಾಯಿತು, ಬಂದು ಅದನ್ನೇ ಕಚ್ಚಿದವು.

ಈಗ ಪ್ರವಾಸಿಯ ಮೈಮೇಲೆ ಏರುವ ತೊರಕೆಯನ್ನು ನೋಡಬೇಕು. ಕೈಯಲ್ಲಿ ಬೊಂಡಾಸದ, ಎಂದರೆ ಸ್ಕ್ವಿಡ್ಡಿನ, ತುಂಡಿದೆ. ವಾಸನೆ ಹಿಡಿದು ಬಂದ ಮೀನು ಅದನ್ನು ಬಾಯಿಗೆ ಹಾಕಿಕೊಳ್ಳಬೇಕಾದರೆ ಹೊಟ್ಟೆಯ ಕಡೆಯ ಬಾಯಿಯನ್ನು ಅದರ ಮೇಲಕ್ಕೆ ತರಬೇಕು. ಎಂದರೆ ಇಡೀ ದೇಹವನ್ನು ಕೈಯ ಮೇಲೆ, ತೋಳಿನ ಮೇಲೆ, ಎದೆಯ ಮೇಲೆ ಹಾಯಿಸಬೇಕು. ಮರಳಿನಲ್ಲಿ ಏಡಿ, ಸಿಗಡಿ, ಚಿಪ್ಪು, ಹುಳುಗಳನ್ನು ಹುಡುಕುವುದೂ ಹೀಗೆಯೇ: ಮೇಲೆ ಕವಿದು, ಮೈಯಂಚು ಬಡಿದು ಮರಳೆಬ್ಬಿಸಿ, ಹೀರಿ. ಪ್ರವಾಸಿಗೆ ಅಪ್ಪುಗೆ ಎನಿಸುವುದು ತೊರಕೆಯ ಪಾಲಿಗೆ ಬಾಯಿಯ ತಡಕಾಟ. ಹೀರುವ ಬಲ ಸಾಮಾನ್ಯದ್ದಲ್ಲ. ಖಾಲಿ ತೋಳನ್ನೇ ಹೀರಿ ಕೆಂಪು ಗುರುತು ಮಾಡಿದ್ದುಂಟು. ಅಂಗೈ ಬಿಡಿಸಿ, ಹೆಬ್ಬೆರಳು ಮಡಚಿ ಹಿಡಿಯಿರಿ ಎಂದು ಗೈಡ್ ಹೇಳುವುದು ಅದಕ್ಕೇ. ಚಿಪ್ಪು ಪುಡಿ ಮಾಡುವ ಹಲ್ಲುಪಟ್ಟಿಗೆ ಬೆರಳು ಯಾವುದು, ಬೊಂಡಾಸ ಯಾವುದು ಎಂಬುದು ಕಾಣುವುದಿಲ್ಲ.

ಮುಳ್ಳು ಏಳುವ ಹೊತ್ತು

ಬಾಲದ ಮುಳ್ಳು ಬೇಟೆಯ ಸಾಧನವಲ್ಲ. ಶಾರ್ಕಿನ ಚರ್ಮವನ್ನು ಒರಟಾಗಿಸುವ ಸಣ್ಣ ಹಲ್ಲುಗಳೇ ಇಲ್ಲಿ ಬೆಳೆದು, ಅಂಚಿಗೆ ಹಿಮ್ಮುಖ ಗರಗಸ ಪಡೆದು ಮುಳ್ಳಾಗಿವೆ. ಅದರ ಮೇಲೆ ತೆಳು ಚರ್ಮದ ಒರೆ, ಒರೆಯೊಳಗೆ ವಿಷದ ಕೋಶಗಳು. ಚುಚ್ಚಿದಾಗ ಒರೆ ಹರಿದು ವಿಷ ಗಾಯಕ್ಕೆ ಸೇರುತ್ತದೆ. ಮುಳ್ಳು ಮುರಿದರೆ ಮತ್ತೆ ಬೆಳೆಯುತ್ತದೆ. ವಿಷದಲ್ಲಿರುವ ಪ್ರೋಟೀನುಗಳು ಬಿಸಿಗೆ ಕೆಡುವುದರಿಂದ, ಕಾಲಿಗೋ ಕೈಗೋ ಚುಚ್ಚಿದರೆ ಸಹಿಸಬಹುದಾದಷ್ಟು ಬಿಸಿ, ಸುಮಾರು 45 ಡಿಗ್ರಿ ನೀರಿನಲ್ಲಿ ಮುಳುಗಿಸಿಟ್ಟು ಆಸ್ಪತ್ರೆಗೆ ಒಯ್ಯುವುದು ರೂಢಿ. ಎದೆ, ಹೊಟ್ಟೆಗೆ ಬಿದ್ದ ಪೆಟ್ಟಿನ ಅಪಾಯ ವಿಷಕ್ಕಿಂತ ಗಾಯದ್ದೇ.

ಈ ಆಯುಧ ಯಾರ ವಿರುದ್ಧ ಎಂಬುದಕ್ಕೆ ಬಹಾಮಾಸ್‌ನ ಬಿಮಿನಿ ಬಳಿಯ ಒಂದು ಘಟನೆ ಸಾಕ್ಷಿ. ದೊಡ್ಡ ಸುತ್ತಿಗೆತಲೆ ಶಾರ್ಕೊಂದು ಇದೇ ಜಾತಿಯ ತೊರಕೆಯನ್ನು ಬೇಟೆಯಾಡುವುದನ್ನು ನೋಡಿದ ಸಂಶೋಧಕರು 1990ರಲ್ಲಿ ಅದನ್ನು ವರದಿ ಮಾಡಿದರು. ಶಾರ್ಕು ತನ್ನ ಅಗಲ ತಲೆಯಿಂದ ತೊರಕೆಯನ್ನು ಮೇಲಿನಿಂದ ನೆಲಕ್ಕೆ ಒತ್ತಿ ಹಿಡಿದು, ಮೈಯ ಅಂಚನ್ನು ಕಚ್ಚಿ ತೆಗೆಯಿತು. ಸುತ್ತಿಗೆತಲೆ ಶಾರ್ಕುಗಳ ಬಾಯಿ, ಗಂಟಲುಗಳಲ್ಲಿ ಹತ್ತಾರು ಮುರಿದ ಮುಳ್ಳುಗಳು ಸಿಕ್ಕಿದ್ದೂ ಇದೆ.

ಮೇಲಿನಿಂದ ನೆಲಕ್ಕೊತ್ತುವ ಭಾರ: ತೊರಕೆಯ ಬಾಲ ಬೆನ್ನಿನ ಮೇಲೆ ಬಾಗಿ ಏಳುವುದು ಮುಖ್ಯವಾಗಿ ಇದಕ್ಕೇ. ಮರಳಲ್ಲಿ ಅಡಗಿದ ತೊರಕೆಯ ಮೇಲೆ ಕಾಲಿಟ್ಟ ಮನುಷ್ಯ ಅದರ ಲೆಕ್ಕದಲ್ಲಿ ಶಾರ್ಕು. ದಿಬ್ಬದ ಮೇಲೆ ಹೆಜ್ಜೆ ಎತ್ತಿಡದೆ ಪಾದ ಎಳೆದುಕೊಂಡೇ ನಡೆಯಬೇಕೆಂಬ ನಿಯಮ ಬಂದದ್ದು ಹೀಗೆ. ಪಾದ ಬದಿಯಿಂದ ತಗುಲಿದರೆ ತೊರಕೆ ಸರಿದುಹೋಗುತ್ತದೆ. ಕೈಗಳ ಮೇಲೆ ತಾನಾಗಿ ಹಾಯುವಾಗಲೂ ಒತ್ತಡ ಕೆಳಗಿನಿಂದ, ಬೆನ್ನು ಬಿಡುವಾಗಿರುತ್ತದೆ. ಗೈಡುಗಳ ಧೈರ್ಯಕ್ಕೆ ಕಾರಣ ತೊರಕೆಯ ಒಳ್ಳೆಯತನವಲ್ಲ, ಈ ವ್ಯತ್ಯಾಸ.

ಎಂಜಿನ್ನಿನ ಸದ್ದು, ಬೊಂಡಾಸದ ತುಂಡು

ಚುಚ್ಚದೇ ಇರುವುದು ಸರಿ, ಹುಡುಕಿಕೊಂಡು ಬರುವುದೇಕೆ?

ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲಿಳಿದವರಿಗೆ ಉತ್ತರದ ಅರ್ಧ ಗೊತ್ತೇ ಇದೆ. ಮಂಡಕ್ಕಿಯ ಪೊಟ್ಟಣ ಬಿಚ್ಚುವ ಮೊದಲೇ ನೀರಂಚಿಗೆ ದೇವರ ಮೀನುಗಳು ಬಂದು ಬಾಯಿ ತೆರೆದು ನಿಂತಿರುತ್ತವೆ. ಬೇರೆಡೆ ಮನುಷ್ಯನ ನೆರಳು ಕಂಡರೆ ಓಡುವ ಮೀನಿಗೆ ಅಲ್ಲಿ ಮೆಟ್ಟಿಲ ಮೇಲಿನ ನೆರಳೆಂದರೆ ತಿಂಡಿ. ಒಂದರ ಹಿಂದೆ ಒಂದು ಪದೇಪದೇ ಬರುವ ಎರಡು ಸಂಗತಿಗಳನ್ನು ಪ್ರಾಣಿ ಗಂಟು ಹಾಕಿಕೊಳ್ಳುವುದೇ ಜೋಡಿಕಲಿಕೆ. ರಷ್ಯಾದ ಪಾವ್ಲೋವ್ ನಾಯಿಗಳ ಜೊಲ್ಲಿನಲ್ಲಿ ಕಂಡದ್ದೂ ಇದನ್ನೇ.

ತೊರಕೆಗೆ ಇಷ್ಟು ಬುದ್ಧಿ ಇದೆಯೇ ಎಂಬ ಅನುಮಾನ ಬೇಡ. ದಕ್ಷಿಣ ಅಮೆರಿಕದ ಹೊಳೆಗಳಲ್ಲಿರುವ ತೊರಕೆಗಳು ಕೊಳವೆಯೊಳಗಿನ ಊಟವನ್ನು ಬಾಯಿಂದ ನೀರು ಚಿಮ್ಮಿಸಿ ಹೊರತೆಗೆಯಲು ಕಲಿತದ್ದನ್ನು 2010ರಲ್ಲಿ ಸಂಶೋಧಕರು ವರದಿ ಮಾಡಿದರು. ಜರ್ಮನಿಯ ಬಾನ್ ವಿಶ್ವವಿದ್ಯಾಲಯದ ವೆರಾ ಶ್ಲೂಸೆಲ್ ಮತ್ತು ಸಂಗಡಿಗರ 2022ರ ಕೆಲಸ ಇನ್ನೂ ಮಜವಾಗಿದೆ: ಚಿತ್ರಗಳು ನೀಲಿಯಾದರೆ ಒಂದು ಕೂಡಿಸು, ಹಳದಿಯಾದರೆ ಒಂದು ಕಳೆ. ಹೊಳೆಯ ತೊರಕೆಗಳಲ್ಲಿ ಕೆಲವು ಐದರೊಳಗಿನ ಈ ಲೆಕ್ಕ ಕಲಿತವು. ಕೂಡಿಸಲು ಬರುವ ಬಳಗಕ್ಕೆ ಎಂಜಿನ್ನಿನ ಸದ್ದಿನ ಹಿಂದೆ ಬೊಂಡಾಸ ಬರುತ್ತದೆಂದು ಕಲಿಯುವುದು ಕಷ್ಟವಲ್ಲ.

ಜೋಡಿಕಲಿಕೆಯ ಜೊತೆಗೇ ಇನ್ನೊಂದೂ ನಡೆಯುತ್ತದೆ. ಅಪಾಯದ ಸೂಚನೆ ಎಷ್ಟು ಸಲ ಬಂದರೂ ಅಪಾಯ ಬರದಿದ್ದರೆ ಹೆದರಿಕೆ ಸವೆಯುತ್ತದೆ. ಓಡಿದರೆ ಶಕ್ತಿ ನಷ್ಟ, ನಿಂತರೆ ಊಟ. ಹೀಗೆ ಸದ್ದು ಹತ್ತಿರಕ್ಕೆ ಎಳೆಯುತ್ತದೆ, ಸವೆದ ಹೆದರಿಕೆ ಅಲ್ಲೇ ನಿಲ್ಲಿಸುತ್ತದೆ, ಕೆಳಗಿರುವ ಬಾಯಿ ಮೈಮೇಲೆ ಹತ್ತಿಸುತ್ತದೆ. ‘ಪಳಗಿದ’ ತೊರಕೆ ಎಂದರೆ ಈ ಮೂರು ಸೇರಿದ್ದು.

ಹಗಲು ರಾತ್ರಿ ಅದಲುಬದಲು

ಕಾಡಿನ ಪ್ರಾಣಿಯೊಂದು ನಾಲ್ಕು ತುತ್ತಿಗೆ ಒಗ್ಗಿಕೊಂಡರೆ ಏನು ಮಹಾ ಎನ್ನಬಹುದು. ಅಮೆರಿಕದ ನೋವಾ ಸೌತ್‌ಈಸ್ಟರ್ನ್ ವಿಶ್ವವಿದ್ಯಾಲಯ ಮತ್ತು ಗೈ ಹಾರ್ವಿ ಸಂಶೋಧನಾ ಸಂಸ್ಥೆಯ ತಂಡ ಇದನ್ನೇ ಪರೀಕ್ಷಿಸಿತು. ದಿಬ್ಬದ ತೊರಕೆಗಳಿಗೂ, ಪ್ರವಾಸಿಗರ ಗಾಳಿ ಸೋಂಕದ ತೊರಕೆಗಳಿಗೂ ಸದ್ದು ಹೊಮ್ಮಿಸುವ ಸಣ್ಣ ಬಿಲ್ಲೆ ಕಟ್ಟಿ, ಅವು ಎಲ್ಲಿ, ಯಾವ ಹೊತ್ತಿನಲ್ಲಿ ಓಡಾಡುತ್ತವೆಂದು ನೋಡಿತು. ಫಲಿತಾಂಶ 2013ರಲ್ಲಿ ಪ್ರಕಟವಾಯಿತು.

ದೂರದ ತೊರಕೆಗಳು ನಿಶಾಚರಿಗಳು. ರಾತ್ರಿ ವಿಶಾಲ ಪ್ರದೇಶದಲ್ಲಿ ಒಂಟಿಯಾಗಿ ಮೇಯುತ್ತವೆ, ಹಗಲು ವಿಶ್ರಾಂತಿ. ದಿಬ್ಬದವು ತದ್ವಿರುದ್ಧ: ಹಗಲೆಲ್ಲ ಚುರುಕು, ರಾತ್ರಿ ಹೆಚ್ಚು ಕದಲುವುದಿಲ್ಲ. ಓಡಾಡುವ ಪ್ರದೇಶ ತೀರ ಕಿರಿದು, ಒಂದರದು ಇನ್ನೊಂದರದರ ಮೇಲೇ ಬೀಳುತ್ತದೆ. ಒಂಟಿ ಬಾಳಿನ ಮೀನು ಸಂತೆಯಲ್ಲಿ ಬಾಳುವಂತಾಗಿದೆ. ದೇಹದ ಗಡಿಯಾರವನ್ನೇ ದೋಣಿಗಳ ವೇಳಾಪಟ್ಟಿ ತಿರುಗಿಸಿಬಿಟ್ಟಿದೆ.

ಅದಕ್ಕೂ ಮೊದಲು ಸಂಶೋಧಕಿ ಕ್ರಿಸ್ಟೀನಾ ಸೆಮೆನಿಯುಕ್ ಮತ್ತು ಸಂಗಡಿಗರು ರಕ್ತವನ್ನೂ ಮೈಯನ್ನೂ ಪರೀಕ್ಷಿಸಿದ್ದರು. ದಿಬ್ಬದ ತೊರಕೆಗಳ ಕೊಬ್ಬಿನ ಬಗೆಯೇ ಬದಲಾಗಿತ್ತು. ಕೊಡುವ ಬೊಂಡಾಸ ಅವುಗಳ ಸಹಜ ಆಹಾರವಲ್ಲ. ರಕ್ತದ ಗುಣಮಟ್ಟ ಕೆಳಗಿತ್ತು. ಮೈಮೇಲೆ ದೋಣಿ ತಗುಲಿದ ಗಾಯ, ತಮ್ಮವರೇ ಕಚ್ಚಿದ ಗುರುತು, ಅಂಟಿಕೊಂಡ ಪರಾವಲಂಬಿಗಳು ಹೆಚ್ಚು. ಗಂಡು ತೊರಕೆ ಕೂಡುವಾಗ ಹೆಣ್ಣಿನ ಅಂಚನ್ನು ಕಚ್ಚಿ ಹಿಡಿಯುತ್ತದೆ. ಇಷ್ಟು ಹೆಣ್ಣುಗಳು ಒಂದೇ ಕಡೆ ಇರುವಾಗ ಕಚ್ಚಿದ ಗುರುತು ಏರುವುದು ಆಶ್ಚರ್ಯವಲ್ಲ.

ಇನ್ನೊಂದು ಮುಖವನ್ನು ಮುಚ್ಚಿಡುವಂತಿಲ್ಲ. 2012ರ ಎಣಿಕೆಯಲ್ಲಿ ದಿಬ್ಬದ ತೊರಕೆಗಳು 60ರ ಆಸುಪಾಸಿಗೆ ಇಳಿದಾಗ ಇಡೀ ದ್ವೀಪ ಗಾಬರಿಯಾಯಿತು. ಮರುವರ್ಷ ಕೇಮನ್ ನೀರಿನಲ್ಲಿ ಎಲ್ಲ ಬಗೆಯ ತೊರಕೆಗಳಿಗೂ ಕಾನೂನಿನ ರಕ್ಷಣೆ ಬಂತು. ಪ್ರವಾಸಿಗರಿಲ್ಲದಿದ್ದರೆ ಅಲ್ಲಿನ ಯಾವ ಸರ್ಕಾರವೂ ಈ ಮೀನಿಗಾಗಿ ಅಷ್ಟು ಬೇಗ ಕಾನೂನು ತಿದ್ದುತ್ತಿರಲಿಲ್ಲ ಎಂದು ಧೈರ್ಯವಾಗಿ ಹೇಳಬಹುದು. ಕಡಲಿನಲ್ಲಿ ಅದರ ಸಂಬಂಧಿಗಳಿಗೆ ಇಂಥ ಅದೃಷ್ಟ ಎಲ್ಲ ಕಡೆ ಇಲ್ಲ. ನಮ್ಮ ಮಾರುಕಟ್ಟೆಗಳಲ್ಲಿ ತೊರಕೆ ಇಂದಿಗೂ ಸಾರಿನ ಮೀನು.

ದೋಣಿಗಳಿಗೆ ಪರವಾನಗಿ, ಕೊಡುವ ತಿಂಡಿಗೆ ಮಿತಿ, ತೊರಕೆಯನ್ನು ನೀರಿನಿಂದ ಮೇಲೆತ್ತಬಾರದೆಂಬ ನಿಯಮ ದಿಬ್ಬದ ಮೇಲೆ ಈಗ ಜಾರಿಯಲ್ಲಿವೆ. ಇನ್ನೂ ಬಿಗಿ ಮಾಡಿದರೆ ಜನ ಬರುವುದನ್ನೇ ಬಿಟ್ಟಾರೆಂಬುದು ದೋಣಿ ನಡೆಸುವವರ ಹೆದರಿಕೆ. ಸೆಮೆನಿಯುಕ್ ತಂಡ ಅದನ್ನು ಪ್ರವಾಸಿಗರಲ್ಲೇ ವಿಚಾರಿಸಿತು: ಕಡಿಮೆ ಜನ, ಕಡಿಮೆ ತಿಂಡಿ, ಕಡಿಮೆ ಮುಟ್ಟುವಿಕೆ, ಜೊತೆಗೆ ಸ್ವಲ್ಪ ಶುಲ್ಕ, ಒಪ್ಪಿಗೆಯೇ? 2009ರಲ್ಲಿ ಪ್ರಕಟವಾದ ಉತ್ತರಗಳು ಎರಡು ಗುಂಪಾಗಿ ಒಡೆದಿದ್ದವು. ದೊಡ್ಡ ಗುಂಪು ನಿರ್ಬಂಧಗಳ ಪರ. ಚಿಕ್ಕ ಗುಂಪಿಗೆ ಈಗಿರುವ ಹಾಗೆಯೇ, ತೊರಕೆಯನ್ನು ತೋಳ ಮೇಲೆ ಹೊತ್ತು ಫೋಟೊ ತೆಗೆಸಿಕೊಳ್ಳುವ ಅವಕಾಶ ಬೇಕಿತ್ತು.